ಕಂಪ್ಯೂಟರ್ ಆರಲಿಲ್ಲ, ಮಾವ ಸೋಲಲಿಲ್ಲ

ಯಾವುದನ್ನೇ ಆಗಲಿ ಶುರು ಮಾಡುವುದು ನಮ್ಮೂರಿನವರಿಗೆ ಕಷ್ಟವಲ್ಲ, ಮುಗಿಸುವುದೇ ಕಷ್ಟ. ಮೈಸೂರಿನಲ್ಲಿ ನೆಂಟರು ಮನೆಯೊಳಗೆ ಬರಲು ಹಿಡಿಯುವ ಹೊತ್ತು ಚಪ್ಪಲಿ ಬಿಡುವಷ್ಟು ಮಾತ್ರ. ಹೊರಡುವ ಕಥೆಯೇ ಬೇರೆ. ‘ಬರ್ತೀವಿ’ ಎಂದು ಸೋಫಾದಿಂದ ಎದ್ದವರು ಬಾಗಿಲಲ್ಲಿ ನಿಂತು ಮಗಳಿಗೆ ಗಂಡು ನೋಡುತ್ತಿರುವ ವಿಚಾರ ತೆಗೆಯುತ್ತಾರೆ. ಗೇಟಿನ ಬಳಿ ಮಂಡಿನೋವಿನ ವಿಚಾರ ಬರುತ್ತದೆ. ಸ್ಕೂಟರ್ ಹತ್ತಿ ಹೆಲ್ಮೆಟ್ ಹಾಕಿಕೊಂಡ ಮೇಲೆ, ತಾವು ಬಂದದ್ದು ಯಾತಕ್ಕೆ ಎಂಬುದು ನೆನಪಾಗಿ ಮತ್ತೆ ಒಳಗೆ ಬರುತ್ತಾರೆ. ನಾನೂ ಇದಕ್ಕೆ ಹೊರತಲ್ಲ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ಮೇಷ್ಟ್ರು ನಾನು. ಮೊದಲನೇ ಮಹಾಯುದ್ಧವನ್ನು ಒಂದೇ ಪೀರಿಯಡ್ಡಿನಲ್ಲಿ ಶುರು ಮಾಡಿಸಿಬಿಡುತ್ತೇನೆ, ಮುಗಿಸುವಷ್ಟರಲ್ಲಿ ದಸರಾ ರಜೆ ಬಂದಿರುತ್ತದೆ. ಹೀಗಾಗಿ, ಮುಗಿಸಲಾರದ ಈ ಕಾಯಿಲೆ ಮನುಷ್ಯರಿಗೆ ಮಾತ್ರ ಎಂದು ಬಹಳ ಕಾಲ ನಂಬಿದ್ದೆ. ಕಂಪ್ಯೂಟರಿಗೂ ಅದು ಅಂಟಬಹುದು ಎಂದು ತಿಳಿದದ್ದು ನಾವು ಲಕ್ಷ್ಮೀಪುರಂನ ಬಾಡಿಗೆ ಮನೆ ಬಿಟ್ಟು ಶ್ರೀರಾಂಪುರದ ನಮ್ಮ ಸ್ವಂತ ಮನೆಗೆ ಹೊರಟ ದಿನ.

ನಮ್ಮ ಕಂಪ್ಯೂಟರ್ ಹಳೆಯದು. ಮೇಜಿನ ಮೇಲೆ ಒಂದು ಮಾನಿಟರ್, ಕೆಳಗೆ ಗೋಧಿ ಡಬ್ಬದಷ್ಟು ದಪ್ಪದ ಸಿಪಿಯು, ಅದರ ಪಕ್ಕದಲ್ಲಿ ಕರೆಂಟು ಹೋದಾಗ ಕೀ ಕೀ ಎಂದು ಕೂಗುತ್ತ ಸ್ವಲ್ಪ ಹೊತ್ತು ಜೀವ ಹಿಡಿದಿಡುವ ಯುಪಿಎಸ್. ಇದರೊಳಗೆ ನನ್ನದು ಅಂತ ಇರುವುದು ಹಳೆಯ ಪ್ರಶ್ನೆಪತ್ರಿಕೆಗಳು ಮಾತ್ರ, ಹೋದರೆ ಮಕ್ಕಳೇ ಸಂತೋಷಪಟ್ಟಾರು. ಆದರೆ ನನ್ನ ಹೆಂಡತಿ ಸ್ಟೆಲ್ಲಾ ರವಿಕೆಗೆ ಕಸೂತಿ ಹಾಕಿಕೊಡುವವಳು. ಅವಳು ವರ್ಷಗಟ್ಟಲೆ ಕೂತು ಬರೆದ ನವಿಲು, ಬಳ್ಳಿ, ಮಾವಿನಕಾಯಿಗಳೆಲ್ಲ ಆ ಡಬ್ಬದೊಳಗೇ ಇವೆ. ಕಳೆದ ಸಲ ರಿಪೇರಿಗೆ ಬಂದ ಮಂಜುನಾಥ ಎಂಬ ಮೆಕ್ಯಾನಿಕ್ಕು ಸಿಪಿಯುಗೆ ಕಿವಿಯಿಟ್ಟು ಕೇಳಿ, ಡಾಕ್ಟರರ ಹಾಗೆ ನಿಟ್ಟುಸಿರು ಬಿಟ್ಟು, “ಮೇಡಂ, ಡಿಸ್ಕ್ ವೀಕ್ ಆಗಿದೆ. ಕ್ರಮವಾಗಿ ಶಟ್‌ಡೌನ್ ಮಾಡಿ. ಪ್ಲಗ್ ಏನಾದ್ರೂ ಕಿತ್ರೋ, ಒಳಗಿರೋದಕ್ಕೆಲ್ಲ ಕೈ ಮುಗಿದ್ಬುಡಿ” ಎಂದಿದ್ದ. ಅಂದಿನಿಂದ ಸ್ಟೆಲ್ಲಾ ಆ ಪ್ಲಗ್ಗಿನ ಸುತ್ತ ಕೆಂಪು ರವಿಕೆ ಬಟ್ಟೆಯ ಚೂರೊಂದನ್ನು ಕಟ್ಟಿದ್ದಾಳೆ. ನಮ್ಮ ಮನೆಯಲ್ಲಿ ಪ್ರಭು ಯೇಸುವಿನ ಪಟದ ನಂತರ ಅತಿ ಹೆಚ್ಚು ಗೌರವ ಸಲ್ಲುವುದು ಆ ಪ್ಲಗ್ಗಿಗೆ.

ಇದೇ ಕಂಪ್ಯೂಟರಿನಲ್ಲಿ ಒಂದು ಚದುರಂಗದ ಪ್ರೋಗ್ರಾಂ ಇದೆ. ಮೌಸ್ ಕೊಂಡಾಗ ಅಂಗಡಿಯವನು ‘ಫ್ರೀ ಸಾರ್’ ಎಂದು ಹಾಕಿಕೊಟ್ಟದ್ದು. ಯಾರೋ ಅತಿ ಉತ್ಸಾಹದ ಕನ್ನಡಾಭಿಮಾನಿ ತಯಾರಿಸಿರಬೇಕು. ಅದರ ಕನ್ನಡ ನನ್ನ ಕನ್ನಡಕ್ಕಿಂತ ಶುದ್ಧ. ನಾವು ಕುದುರೆ ನಡೆಸಲು ತಡಮಾಡಿದರೆ ಒಳಗಿನಿಂದ ಹೆಣ್ಣುದನಿಯೊಂದು “ಮಹನೀಯರೇ, ತಮ್ಮ ನಡೆಗಾಗಿ ಕಾಯುತ್ತಿದ್ದೇನೆ” ಎನ್ನುತ್ತದೆ. ಇಷ್ಟು ಮರ್ಯಾದೆಯಿಂದ ಯಾರೂ ನನ್ನೊಡನೆ ಮಾತಾಡಿಲ್ಲವಾದ್ದರಿಂದ ಮೊದಮೊದಲು ನಾನು ಬೇಕೆಂದೇ ತಡಮಾಡುತ್ತಿದ್ದೆ. ಆದರೆ ಅದಕ್ಕೊಂದು ಕೆಟ್ಟ ಬುದ್ಧಿ. ಆಟ ಅರ್ಧಕ್ಕಿದ್ದಾಗ ಕಂಪ್ಯೂಟರ್ ಆರಿಸಲು ಹೋದರೆ ಬಾಗಿಲಿಗೆ ಅಡ್ಡ ನಿಂತುಬಿಡುತ್ತದೆ. “ಪಂದ್ಯ ಅಪೂರ್ಣವಾಗಿದೆ. ಸೋಲನ್ನು ಸ್ವೀಕರಿಸುವಿರಾ?” ಎಂದು ಕೇಳಿ, ‘ಹೌದು’, ‘ಇಲ್ಲ’ ಎಂಬ ಎರಡು ಗುಂಡಿ ತೋರಿಸುತ್ತದೆ. ‘ಹೌದು’ ಎಂದರೆ ನೀವು ಸೋತಿರಿ. ‘ಇಲ್ಲ’ ಎಂದರೆ ಕಂಪ್ಯೂಟರ್ ಆರುವುದಿಲ್ಲ. ಬಲವಂತವಾಗಿ ಆರಿಸಿದರೂ ಸೋಲು ನಿಮ್ಮ ಲೆಕ್ಕಕ್ಕೇ. ಒಂದು ಸಲ ಸ್ಟೆಲ್ಲಾ ಅವಸರದಲ್ಲಿ ಹಾಗೆ ಆರಿಸಿದ್ದಳು. ಮರುದಿನ ತೆರೆದರೆ ಶವಯಾತ್ರೆಯ ಬ್ಯಾಂಡಿನಂತೆ ತುತ್ತೂರಿ ಊದಿ, ನಮ್ಮ ಮಾವನವರ ಹೆಸರಿನ ಮುಂದೆ ಸೋಲು ಎಂದು ತೋರಿಸಿತು.

ಮಾವನವರು ಎಂದರೆ ಸ್ಟೆಲ್ಲಾಳ ತಂದೆ, ಇನ್ನಾಸಪ್ಪನವರು. ನಮ್ಮ ಜೊತೆಯಲ್ಲೇ ಇದ್ದಾರೆ. ಹರೆಯದಲ್ಲಿ ಗರಡಿ ಮನೆಯ ಪೈಲ್ವಾನರಾಗಿದ್ದವರು. ಈಗ ತೊಡೆ ಬಡಿಯುವುದು ಸೊಳ್ಳೆ ಕಚ್ಚಿದಾಗ ಮಾತ್ರವಾದರೂ ಕೈಯ ಹಿಡಿತ ಹಾಗೇ ಇದೆ. ಅವರು ನನ್ನನ್ನು ಹರಸಲು ಭುಜ ಮುಟ್ಟಿದರೆ ನಾನು ಎರಡು ದಿನ ಬೋರ್ಡಿನ ಮೇಲೆ ಬರೆಯಲಾರೆ. ಕುಸ್ತಿ ಬಿಟ್ಟ ಮೇಲೆ ಚದುರಂಗ ಹಿಡಿದರು. ಎರಡನ್ನೂ ಒಂದೇ ರೀತಿ ಆಡುತ್ತಾರೆ, ಎದುರಾಳಿಯನ್ನು ಬಹಳ ಹೊತ್ತು ದಿಟ್ಟಿಸಿ ನೋಡುತ್ತಾರೆ. ಮನುಷ್ಯನಾದರೆ ಆ ನೋಟಕ್ಕೇ ಅರ್ಧ ಸೋತಿರುತ್ತಾನೆ. ಕಂಪ್ಯೂಟರಿಗೆ ಆ ಭಯವಿಲ್ಲ. ಪ್ರೋಗ್ರಾಮಿನಲ್ಲಿ ಶಿಶು, ಬಾಲ, ವೀರ, ಮಹಾವೀರ ಎಂಬ ಹಂತಗಳಿವೆ. ಮಾವನವರು ಆಡುವುದು ಶಿಶುವಿನ ಜೊತೆ. ಹೆಚ್ಚಿನ ದಿನ ಗೆಲ್ಲುವುದು ಶಿಶುವೇ. ಈ ವಿಚಾರ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಮನೆ ಬದಲಿಸುವ ದಿನ ಬೆಳಿಗ್ಗೆಯೇ ಲಗೇಜ್ ಗಾಡಿ ಬಂತು. ಮಂಚ, ಬೀರು, ಪಾತ್ರೆ, ಹೊಲಿಗೆ ಯಂತ್ರ, ತುಳಸಿಗಿಂತಲೂ ಅಕ್ಕರೆಯಿಂದ ಸ್ಟೆಲ್ಲಾ ಬೆಳೆಸಿದ ಕರಿಬೇವಿನ ಕುಂಡ ಎಲ್ಲವೂ ಹೋದವು. ಕಂಪ್ಯೂಟರನ್ನು ಮಾತ್ರ ಗಾಡಿಯಲ್ಲಿ ಹಾಕುವುದು ಬೇಡ, ನಾವೇ ಆಟೋದಲ್ಲಿ ಜೋಪಾನವಾಗಿ ಒಯ್ಯೋಣ ಎಂದು ಸ್ಟೆಲ್ಲಾ ಹೇಳಿದ್ದಳು. ಗಾಡಿ ಹೋದ ಮೇಲೆ ನಡುಮನೆಗೆ ಬಂದು ನೋಡುತ್ತೇನೆ, ಬೋಳು ಗೋಡೆಗಳ ನಡುವೆ ಒಂದು ಮೇಜು, ಒಂದು ಕುರ್ಚಿ, ಕುರ್ಚಿಯ ಮೇಲೆ ಮಾವನವರು. ಗಲಾಟೆಯಲ್ಲಿ ತಮಗೇನೂ ಕೆಲಸವಿಲ್ಲವೆಂದು ಒಂದು ಆಟ ಹಚ್ಚಿದ್ದಾರೆ.

“ಮಾವ, ಹೊರಡೋಣ್ವಾ?” ಎಂದೆ.

“ಇವ್ನು ಬುಡ್ಲಿ ಅಳಿಮಯ್ಯ” ಎಂದರು, ಪರದೆಯಿಂದ ಕಣ್ಣು ತೆಗೆಯದೆ.

ನಾನು ಮೆಲ್ಲಗೆ ಮೌಸ್ ಹಿಡಿದು ಆರಿಸಲು ಹೋದೆ. ‘ಸೋಲನ್ನು ಸ್ವೀಕರಿಸುವಿರಾ?’ ಎಂದು ಪೆಟ್ಟಿಗೆ ಎದ್ದಿತು. ಮಾವನವರ ಕೈ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಬೆರಳುಗಳು ಒಂದೊಂದಾಗಿ ಜೋಮು ಹಿಡಿದವು.

“ಅಳಿಮಯ್ಯ, ಗರಡೀಲಿ ಬೆನ್ನು ಮಣ್ಣಿಗೆ ತಾಕುದ್ರೆ ಸೋಲು. ಬಾಯಲ್ಲಿ ಸೋತೆ ಅಂತ ಹೇಳ್ಬುಟ್ಟು ಎದ್ದೋಗೋದು ಎಲ್ಲಾರ ಉಂಟಾ? ನನ್ ರಾಜ ಇನ್ನೂ ನಿಂತವ್ನೆ ನೋಡಿ.”

ನೋಡಿದೆ. ರಾಜ ನಿಂತಿದ್ದ, ನಿಜ. ಮೂಲೆಯಲ್ಲಿ ಒಂದು ಆನೆ, ಒಂದು ಕುದುರೆ, ಎರಡು ಕಾಲಾಳುಗಳ ಜೊತೆ, ಮಳೆಯಲ್ಲಿ ಬಸ್‌ಸ್ಟಾಪಿನಡಿ ಸೇರಿಕೊಂಡವರ ಹಾಗೆ ನಿಂತಿದ್ದ. ಎದುರು ಪಕ್ಷದ ಮಂತ್ರಿ ಇಡೀ ಮನೆಯಲ್ಲಿ ತಾನೇ ಯಜಮಾನ ಎಂಬಂತೆ ಓಡಾಡಿಕೊಂಡಿದ್ದ.

ಇಷ್ಟರಲ್ಲಿ ಗೇಟಿನ ಮುಂದೆ ಇನ್ನೊಂದು ಗಾಡಿ ಬಂದು ನಿಂತಿತು. ನಮ್ಮ ನಂತರ ಆ ಮನೆಗೆ ಬಾಡಿಗೆಗೆ ಬರುವ ಶ್ರೀಕಂಠಯ್ಯನವರು. ಹಿಂದೆಯೇ ಅವರ ಹೆಂಡತಿ, ಕೈಯಲ್ಲಿ ಹಾಲಿನ ಪಾತ್ರೆ. “ರಾಹುಕಾಲ ಬರೋದ್ರೊಳಗೆ ಹಾಲು ಉಕ್ಕಿಸ್ಬೇಕು ಕಣ್ರೀ. ನಿಮ್ದೆಲ್ಲ ಆಯ್ತಾ?” ಎಂದರು ಶ್ರೀಕಂಠಯ್ಯ.

“ಎಲ್ಲಾ ಆಯ್ತು. ಕಂಪ್ಯೂಟರ್ ಆಫ್ ಆಗ್ಬೇಕು, ಅಷ್ಟೆ.”

“ಅದಕ್ಕೇನು, ನಾವು ಅಡುಗೆಮನೇಲಿ ಉಕ್ಕಿಸ್ಕೋತೀವಿ.”

“ಉಂಟೇನ್ರೀ?” ಎಂದು ಅವರ ಹೆಂಡತಿ ಗಂಡನನ್ನು ತಡೆದರು. “ಹಳಬರು ಒಳಗೆ ಕೂತಿರುವಾಗ ಹೊಸಬರು ಹಾಲು ಉಕ್ಕಿಸಿದ್ರೆ ಆ ಹಾಲು ಯಾರ ಲೆಕ್ಕಕ್ಕೆ ಹೋಗುತ್ತೆ?” ಆಕೆ ಪಾತ್ರೆ ಹಿಡಿದು ಹೊಸ್ತಿಲಾಚೆಯೇ ನಿಂತರು. ಅತ್ತ ಶ್ರೀರಾಂಪುರದಲ್ಲಿ ನಮ್ಮ ಮನೆ ಆಶೀರ್ವದಿಸಲು ಫಾದರ್ ಬರುವ ಹೊತ್ತಾಗುತ್ತಿತ್ತು. ಎರಡು ಸಂಸಾರಗಳ ಗೃಹಪ್ರವೇಶ ಒಬ್ಬ ಮರದ ರಾಜನಿಂದಾಗಿ, ಅದೂ ಮರದವನಲ್ಲ, ಬರೀ ಬೆಳಕಿನ ಚಿತ್ರ, ನಿಂತುಹೋಗಿತ್ತು.

ನಾನು ಹಿತ್ತಲಿಗೆ ಹೋಗಿ ಮಂಜುನಾಥನಿಗೆ ಫೋನ್ ಮಾಡಿದೆ.

“ಕಂಪ್ಯೂಟರ್ ಶಟ್‌ಡೌನ್ ಆಗ್ತಿಲ್ಲ ಮಂಜುನಾಥ್.”

“ಏನೋ ಒಂದು ತಡೀತಿರುತ್ತೆ ಸಾರ್. ಯಾವ್ದು ತಡೀತಿದೆ ನೋಡಿ ಹೇಳಿ.”

“ನಮ್ಮ ಮಾವ.”

“ಆ ಹೆಸರಿಂದು ನಾನು ಕೇಳಿಲ್ವಲ್ಲ ಸಾರ್. ಯಾವ ವರ್ಷನ್ನು?”

“ಹಳೇದು.”

“ಹಳೇದಾದ್ರೆ ಎಂಡ್ ಟಾಸ್ಕ್ ಕೊಟ್ಬುಡಿ. ಆಗ್ಲಿಲ್ಲ ಅಂದ್ರೆ ತೆಗ್ದೇ ಹಾಕ್ಬುಡಿ ಸಾರ್, ಇಂಥವೆಲ್ಲ ಯಾಕೆ ಇಟ್ಕೊಂಡಿರ್ತೀರಾ?”

ಹಿಂದೆ ನಿಂತಿದ್ದ ಸ್ಟೆಲ್ಲಾಗೆ ಸ್ಪೀಕರಿನಲ್ಲಿ ಇದೆಲ್ಲ ಕೇಳಿಸುತ್ತಿತ್ತು. ಅವಳು ಫೋನ್ ಕಿತ್ತುಕೊಂಡು ವಿಷಯ ಬಿಡಿಸಿ ಹೇಳಿದ ಮೇಲೆ ಮಂಜುನಾಥ, ಮುಖ್ಯವಾದದ್ದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡು ಪ್ಲಗ್ ಕೀಳಬಹುದು ಎಂದ. ಪೆನ್‌ಡ್ರೈವು ಡಬ್ಬದಲ್ಲಿತ್ತು, ಡಬ್ಬ ಗಾಡಿಯಲ್ಲಿ ಹೋಗಿತ್ತು. ಡಬ್ಬಗಳ ಮೇಲೆ ಹೆಸರು ಬರೆದವನು ನಾನು. ಮೊದಲ ಎರಡರ ಮೇಲೆ ‘ಪುಸ್ತಕ’, ‘ಬಟ್ಟೆ’ ಎಂದು ಶಿಸ್ತಾಗಿ ಬರೆದು, ಬೇಸರ ಬಂದು ಮಿಕ್ಕವೆಲ್ಲದರ ಮೇಲೂ ‘ಇತರೆ’ ಎಂದು ಬರೆದಿದ್ದೆ.

ಸ್ಟೆಲ್ಲಾ ಅಪ್ಪನ ಮುಂದೆ ನಿಂತಳು. “ಅಪ್ಪಾ, ಫಾದರ್ ಬಂದ್ಬುಡ್ತಾರೆ. ಈ ಅಮ್ಮ ಹಾಲು ಇಟ್ಕೊಂಡು ಬಿಸ್ಲಲ್ಲಿ ನಿಂತವ್ರೆ. ಒಂದು ಗುಂಡಿ ಒತ್ತಪ್ಪ.”

“ಒತ್ತೀನಿ ಕಣಮ್ಮ. ಇವ್ನು ಸೋತ್ಮೇಕೆ.”

“ನೀನೇ ಸೋತ್ರೆ ಏನಪ್ಪ ಹೋಗುತ್ತೆ? ಆಟ ತಾನೆ?”

ಮುದುಕರು ಮೊದಲ ಸಲ ಪರದೆಯಿಂದ ಮುಖ ತಿರುಗಿಸಿ ಮಗಳನ್ನು ನೋಡಿದರು. “ಈಗ ನನ್ ಕೈಲಿ ಇರೋದು ಇದೊಂದೇ ಕಣವ್ವ” ಎಂದರು. ಸ್ಟೆಲ್ಲಾಳ ಮುಖ ಸಡಿಲವಾಯಿತು. ನನ್ನದೂ ಆಯಿತೆನ್ನಿ. ಅಷ್ಟರಲ್ಲಿ ಶ್ರೀಕಂಠಯ್ಯನವರ ಗಾಡಿಯ ಆಳುಗಳು ಕಿಟಕಿಯಲ್ಲಿ ಇಣುಕಿ, “ಆನೆ ಮುಂದಕ್ ಬುಡಿ ತಾತ!” ಎಂದು ಹುಮ್ಮಸ್ಸು ತುಂಬಿದರು. ತಾತ ಆನೆ ಮುಂದಕ್ಕೆ ಬಿಟ್ಟರು. ಶಿಶು ಆನೆಯನ್ನು ತಿಂದಿತು. ಆಳುಗಳು ಕಿಟಕಿಯಿಂದ ಮಾಯವಾದರು.

ಕೊನೆಗೆ ಸ್ಟೆಲ್ಲಾ ಸೆರಗು ಬಿಗಿದಳು. “ಆಫ್ ಆಗಲ್ಲ ತಾನೆ? ಆನ್ ಆಗಿರೋ ಹಂಗೇ ಎತ್ಕೊಂಡು ನಡೀರಿ. ಯುಪಿಎಸ್ ಇದೆಯಲ್ಲ. ನಾನು ಸ್ಕೂಟರಲ್ಲಿ ಮುಂದೆ ಹೋಗಿ ಫಾದರ್‌ನ ಕೂರಿಸಿರ್ತೀನಿ.” ಓಡುತ್ತಿರುವ ಡಿಸ್ಕನ್ನು ಆಟೋದಲ್ಲಿ ಕುಲುಕಿಸುವುದು ಪ್ಲಗ್ ಕೀಳುವುದಕ್ಕಿಂತ ಅಪಾಯ ಎಂದು ಮಂಜುನಾಥ ಆಮೇಲೆ ಹೇಳಿದ. ಆಮೇಲೆ ಹೇಳುವವರು ಯಾವಾಗಲೂ ಸರಿಯಾಗಿಯೇ ಹೇಳುತ್ತಾರೆ.

ಯುಪಿಎಸ್ಸಿಗೆ ಹಗ್ಗ ಕಟ್ಟಿ ಹೆಗಲಿಗೆ ನೇತುಹಾಕಿಕೊಂಡು, ವೈರುಗಳನ್ನೆಲ್ಲ ಕಂಕುಳಲ್ಲಿ ಸೇರಿಸಿಕೊಂಡು, ಕೆಂಪು ಬಟ್ಟೆಯ ಪ್ಲಗ್ಗನ್ನು ಅದರ ಪಾಡಿಗೆ ಯುಪಿಎಸ್ಸಿನಲ್ಲೇ ಬಿಟ್ಟು, ಯುಪಿಎಸ್ಸಿನ ಬಾಲವನ್ನು ಗೋಡೆಯಿಂದ ಕಿತ್ತೆ. ಕೀ, ಕೀ ಎಂದು ಕೂಗು ಶುರುವಾಯಿತು. ಮಾವನವರು ಮಾನಿಟರನ್ನು ಮಗುವಿನಂತೆ ಎದೆಗೊತ್ತಿಕೊಂಡು ಮುಂದೆ, ಸಿಪಿಯು ಹೊತ್ತ ನಾನು ಹಿಂದೆ, ನಮ್ಮಿಬ್ಬರ ನಡುವೆ ವೈರಿನ ಬಂಧನ. ಮೆಟ್ಟಿಲು ಇಳಿಯುತ್ತಿದ್ದ ಹಾಗೇ ಶ್ರೀಕಂಠಯ್ಯನವರ ಹೆಂಡತಿ ಹಾಲಿನೊಡನೆ ಒಳಗೆ ಓಡಿದರು. ನಮಗೆ ಟಾಟಾ ಹೇಳುವ ಸೌಜನ್ಯಕ್ಕೂ ಯಾರೂ ನಿಲ್ಲಲಿಲ್ಲ.

ಆಟೋದವನು ಒಂದು ಸಲ ನಮ್ಮನ್ನು, ಒಂದು ಸಲ ವೈರುಗಳನ್ನು ನೋಡಿ, “ಬ್ಲಾಸ್ಟ್ ಏನೂ ಆಗಲ್ಲ ಅಲ್ವಾ ಸಾರ್?” ಎಂದು ಕೇಳಿ ಹೊರಟ. ಮೊದಲ ಸಿಗ್ನಲ್ಲಿನಲ್ಲೇ ಕೆಂಪು ದೀಪ. ಆಟೋದ ಇಂಜಿನ್ ನಿಂತದ್ದೇ ಮಾವನವರ ಮಡಿಲಿನಿಂದ ಹೆಣ್ಣುದನಿ ಸ್ಪಷ್ಟವಾಗಿ, “ಮಹನೀಯರೇ, ತಮ್ಮ ನಡೆಗಾಗಿ ಕಾಯುತ್ತಿದ್ದೇನೆ” ಎಂದಿತು. ಆಟೋದವನು ಗಾಬರಿಯಿಂದ ತಿರುಗಿ, “ಯಾರ್ ಸಾರ್ ಅದು? ಹತ್ತಿದ್ದು ಇಬ್ರೇ ಅಲ್ವಾ?” ಎಂದ. ಪಕ್ಕದ ಸ್ಕೂಟರಿನ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. ಕೀ ಕೀ ಶಬ್ದ ಕೇಳಿ ಟ್ರಾಫಿಕ್ ಪೊಲೀಸರು ಬಂದರು. ಒಳಗೆ ಬಗ್ಗಿ ನೋಡಿದರೆ ಬೆವರುತ್ತಿರುವ ಮುದುಕರು, ಸುತ್ತಿಕೊಂಡ ವೈರು, ಮಿನುಗುವ ಪರದೆ, ಬಡಿದುಕೊಳ್ಳುವ ಯಂತ್ರ.

“ಪೇಶೆಂಟಾ?” ಎಂದರು ಮೆತ್ತಗಿನ ದನಿಯಲ್ಲಿ.

“ಶ್ಯಾನೆ ಕಷ್ಟದಲ್ಲವ್ನೆ ಸಾ” ಎಂದರು ಮಾವ. ಅವರು ಹೇಳಿದ್ದು ರಾಜನ ವಿಚಾರ. ಪೊಲೀಸರು ಸೀಟಿ ಊದಿ, ಎರಡೂ ಕಡೆಯ ಬಸ್ಸು ಕಾರುಗಳನ್ನು ತಡೆದು, ಕೆಂಪು ದೀಪದಲ್ಲೇ ನಮ್ಮನ್ನು ಮುಂದೆ ಬಿಟ್ಟರು. ಕೆಂಪು ದೀಪ ದಾಟಿದ್ದು ನನ್ನ ಜೀವನದಲ್ಲಿ ಅದೇ ಮೊದಲು, ಅದೂ ಪೊಲೀಸರ ಸಲ್ಯೂಟಿನೊಡನೆ.

ಸ್ವಲ್ಪ ದೂರ ಹೋದ ಮೇಲೆ ಮಾವನವರು, “ಟಿವಿ ಇಡ್ಕಂಡು ನಂಗೆ ಕೈಯೇ ಆಡ್ತಿಲ್ಲ. ಆಟ ನೀವ್ ಆಡಿ ಅಳಿಮಯ್ಯ” ಎಂದು ಮೌಸನ್ನು ನನ್ನ ತೊಡೆಯ ಮೇಲೆ ಇಟ್ಟರು. ನನಗೆ ಸ್ವರ್ಗವೇ ಸಿಕ್ಕಂತಾಯಿತು. ನಾಲ್ಕು ತಪ್ಪು ಹೆಜ್ಜೆ ಇಟ್ಟು ರಾಜನನ್ನು ಕೊಲ್ಲಿಸಿಬಿಟ್ಟರೆ ಆಟ ಮುಗಿಯುತ್ತದೆ, ಕಂಪ್ಯೂಟರ್ ಆರುತ್ತದೆ, ನವಿಲು ಬಳ್ಳಿಗಳೂ ಉಳಿಯುತ್ತವೆ, ಪೈಲ್ವಾನರು ಬಾಯಿಬಿಟ್ಟು ಸೋತೆ ಎನ್ನಬೇಕಾಗಿಯೂ ಇಲ್ಲ. ಕುದುರೆಯನ್ನು ತಗೊಂಡು ಹೋಗಿ ಶಿಶುವಿನ ಮಂತ್ರಿಯ ಬಾಯಿಯ ಮುಂದೆ ನಿಲ್ಲಿಸಿದೆ. ಸಾಯಲಿ ಎಂದೇ ನಿಲ್ಲಿಸಿದ್ದು. ಆದರೆ ಶಿಶು ಎಷ್ಟಾದರೂ ಶಿಶುವೇ. ನನ್ನ ಕುದುರೆಯನ್ನು ಬಿಟ್ಟು ಅದು ಮೂಲೆಯ ಕಾಲಾಳನ್ನು ಆಸೆಪಟ್ಟು ತಿನ್ನಲು ಹೋಯಿತು. ಮುಂದಿನ ನಡೆಯಲ್ಲಿ ನನ್ನ ಕುದುರೆ ಅದರ ಮಂತ್ರಿಯನ್ನೇ ಹೊಡೆಯಿತು.

ಆ ಕ್ಷಣ ನನ್ನೊಳಗೆ ಏನೋ ಎದ್ದು ಕೂತಿತು. ಎಷ್ಟೋ ಯುದ್ಧಗಳ ಕಾರಣ, ಪರಿಣಾಮಗಳನ್ನು ಪಾಠ ಮಾಡಿದ್ದೇನೆ, ಆದರೆ ಯುದ್ಧ ಗೆಲ್ಲುವ ಅನುಭವ ಪಠ್ಯದಲ್ಲಿರಲಿಲ್ಲ. ಇದು ಗೆಲ್ಲಬಹುದಾದ ಆಟ! ಆಟೋ ಗುಂಡಿಗೆ ಬಿದ್ದರೆ ಮೌಸು ಜಾರುತ್ತಿತ್ತು. “ನಿಧಾನ ಕಣಯ್ಯ, ಇಲ್ಲಿ ಜೀವ ಹೋಗ್ತಿದೆ!” ಎಂದು ಆಟೋದವನ ಮೇಲೆ ರೇಗಿದೆ. ಅವನು ಪೇಶೆಂಟು ನಾನೇ ಎಂದು ತಿಳಿದು ಇನ್ನಷ್ಟು ಜೋರಾಗಿ ಓಡಿಸಿದ. ಶ್ರೀರಾಂಪುರ ಮುಟ್ಟುವಾಗ ಯುಪಿಎಸ್ಸಿನ ಕೀ ಕೀ ಒಂದೇ ಉದ್ದ ಕೂಗಾಗಿತ್ತು. ಗೇಟಿನಲ್ಲಿದ್ದ ಫಾದರ್‌ಗೆ ನಮಸ್ಕಾರವನ್ನೂ ಹೇಳದೆ ಒಳಗೆ ನುಗ್ಗಿ, ಗೋಡೆಯಲ್ಲಿ ಕಂಡ ಮೊದಲ ತೂತಿಗೆ ಯುಪಿಎಸ್ಸಿನ ಬಾಲ ಚುಚ್ಚಿದೆ. ಕೂಗು ನಿಂತಿತು. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ.

“ರೀ, ಸದ್ಯ ಬಂದ್ರಲ್ಲ. ಆರ್ಸಿ ಬನ್ನಿ, ಪ್ರಾರ್ಥನೆ ಶುರು ಮಾಡೋಣ” ಎಂದಳು ಸ್ಟೆಲ್ಲಾ.

“ಬಂದೆ. ಒಂದೇ ನಡೆ.”

ಫಾದರ್ ತಾಳ್ಮೆಯಿಂದ, “ಅಂತೋಣಿಯವರೇ, ಮನೆ ಯಜಮಾನರು ಜೊತೆಯಲ್ಲಿದ್ರೆ ಚೆನ್ನ” ಎಂದರು.

“ಇದೇ ಕೊನೇದು ಫಾದರ್” ಎಂದೆ. ಆಮೇಲೂ ಅದನ್ನೇ ಎಂದೆನಂತೆ, ನನಗೆ ನೆನಪಿಲ್ಲ. ನನ್ನ ಕುದುರೆ ಯಾವಾಗ ಸತ್ತಿತೋ ಅದೂ ನೆನಪಿಲ್ಲ. ಉಳಿದೊಂದು ಕಾಲಾಳು ಆ ತುದಿ ಮುಟ್ಟಿದರೆ ಮಂತ್ರಿಯಾಗುತ್ತದೆ, ಇನ್ನು ಎರಡೇ ಮನೆ ಬಾಕಿ, ಅದಷ್ಟೇ ಕಣ್ಣಲ್ಲಿತ್ತು. ಪ್ರಾರ್ಥನೆಗೆ ಬಂದ ಅಕ್ಕಪಕ್ಕದವರು ಮೊಂಬತ್ತಿ ಹಿಡಿದು ನನ್ನ ಸುತ್ತ ನಿಂತಿದ್ದರು. ಅವರಲ್ಲಿ ಒಬ್ಬರು, ಯಜಮಾನರಿಗೆ ಏನಾದರೂ ತೊಂದರೆಯೇ ಎಂದು ಸ್ಟೆಲ್ಲಾಳನ್ನು ಪಿಸುದನಿಯಲ್ಲಿ ವಿಚಾರಿಸಿದರು.

ಆಗ ಮಾವನವರು ಕೈಕಾಲು ತೊಳೆದು, ಮುಖ ಒರೆಸಿಕೊಂಡು, ಬಿಳಿ ಪಂಚೆಯುಟ್ಟು ಬಂದರು. ನನ್ನ ಭುಜದ ಮೇಲಿಂದ ಬಗ್ಗಿ ನನ್ನ ಕೈಯ ಮೇಲೆ ಕೈಯಿಟ್ಟರು. ಮೌಸು ತಾನಾಗಿ ನಡೆಯಿತು. ‘ಸೋಲನ್ನು ಸ್ವೀಕರಿಸುವಿರಾ?’ ಎಂದು ಪೆಟ್ಟಿಗೆ ಎದ್ದದ್ದೇ ತಡ, ನನ್ನ ಬೆರಳಿನಿಂದಲೇ ‘ಹೌದು’ ಒತ್ತಿಸಿದರು.

“ಮಾವ!” ಎಂದು ಕೂಗಿಬಿಟ್ಟೆ. ಫಾದರ್ ಕೈಯಲ್ಲಿದ್ದ ತೀರ್ಥದ ಪಾತ್ರೆ ತುಳುಕಿತು. “ಅಲ್ಲಿ ಊರನ್ನೇ ನಿಲ್ಲಿಸಿದ್ರಿ! ಇಲ್ಲಿ ಗೆಲ್ಲೋ ಆಟ!”

“ಮಗಳ ಮನೆ ಪ್ರಾರ್ಥನೆಗಿಂತ ಆಟ ದೊಡ್ಡದಾ ಅಳಿಮಯ್ಯ?” ಎಂದರು ಮಾವ, ಫಾದರ್‌ಗೆ ಕೇಳಿಸುವ ಹಾಗೆ. ಫಾದರ್ ಮೆಚ್ಚಿ ತಲೆದೂಗಿದರು. ತುತ್ತೂರಿ ಊದಿತು. ಪರದೆಯ ಮೇಲೆ ದಪ್ಪಕ್ಷರದಲ್ಲಿ ಮೂಡಿತು: “ಶ್ರೀ ಅಂತೋಣಿಯವರು ಸೋಲನ್ನು ಗೌರವಪೂರ್ವಕವಾಗಿ ಸ್ವೀಕರಿಸಿದ್ದಾರೆ.”

ನಾನು ಎರಡು ಸಲ ಓದಿದೆ. ಇನ್ನಾಸಪ್ಪನವರ ಹೆಸರು ಎಲ್ಲಿಯೂ ಇರಲಿಲ್ಲ. “ನೀವ್ ಅಲ್ಲಿ ಅಗ್ಗ ಕಟ್ತಿದ್ರಲ್ಲ, ಆಗ್ಲೇ ಯೆಸ್ರು ಬದ್ಲಾಯ್ಸ್‌ಬುಟ್ಟೆ” ಎಂದು ಮಾವನವರು ನನ್ನ ಕಿವಿಯಲ್ಲಿ ಹೇಳಿದರು. “ಆನೆ ಹೋದ್ಮೇಕೆ ನಂಗ್ ಗೊತ್ತಾಯ್ತು, ಇದು ನನ್ನಾಟ ಅಲ್ಲ ಅಂತ.” ಕಂಪ್ಯೂಟರ್ ಮರುಮಾತಿಲ್ಲದೆ ಆರಿತು. ಪ್ರಾರ್ಥನೆ ಚೆನ್ನಾಗಿ ನಡೆಯಿತಂತೆ. ನಾನೂ ಮೊಂಬತ್ತಿ ಹಿಡಿದು ನಿಂತಿದ್ದೆ, ಆದರೆ ಕಾಲಾಳನ್ನು ಇನ್ನೊಂದು ಮನೆ ಮುಂದಕ್ಕೆ ನಡೆಸಿದ್ದರೆ ಏನಾಗುತ್ತಿತ್ತು ಎಂದೇ ಯೋಚಿಸುತ್ತಿದ್ದೆ.

ಸ್ಟೆಲ್ಲಾಳ ನವಿಲು ಬಳ್ಳಿಗಳು ಸುರಕ್ಷಿತವಾಗಿದ್ದವು, ಸಂಜೆ ಪೆನ್‌ಡ್ರೈವಿಗೂ ಏರಿದವು. ಪ್ರೋಗ್ರಾಮನ್ನೇ ಕಿತ್ತುಹಾಕಿದರೆ ಆ ಸೋಲಿನ ಸಾಲು ಅಳಿಸಿಹೋಗುತ್ತದೆ ಎಂದು ಮಂಜುನಾಥ ಹೇಳಿದ್ದಾನೆ. ಕಿತ್ತುಹಾಕಬಹುದಿತ್ತು. ಆದರೆ ಅದರ ಕೆಳಗೆ ಒಂದೇ ಒಂದು ಗೆಲುವನ್ನಾದರೂ ಬರೆಸದೆ ಹೇಗೆ ಕೀಳುವುದು? ದಿನಾ ಶಾಲೆಯಿಂದ ಬಂದವನೇ ಕೂರುತ್ತೇನೆ. ಶಿಶು ಈಚೆಗೆ ಸ್ವಲ್ಪ ಬೆಳೆದಿರುವಂತೆ ಕಾಣುತ್ತದೆ. ಮಾವನವರು ಈಗ ಆಟ ಬಿಟ್ಟು ನೆಮ್ಮದಿಯಾಗಿದ್ದಾರೆ. ಹೊಸ ಮನೆ ನೋಡಲು ಬಂದವರನ್ನೆಲ್ಲ ತಾವೇ ಕರೆದುಕೊಂಡು ಹೋಗಿ ಮೊದಲು ಅಡುಗೆಮನೆ, ಆಮೇಲೆ ಬಾಲ್ಕನಿ, ಕೊನೆಯಲ್ಲಿ ನನ್ನ ಸೋಲನ್ನು ತೋರಿಸುತ್ತಾರೆ. ನೋಡಿದವರೆಲ್ಲ ಬಾಲ್ಕನಿ ತುಸು ಚಿಕ್ಕದಾಯಿತು ಎನ್ನುತ್ತಾರೆ.